ಒಂಟಿಗಾಲಿಯ ವೃತ್ತಯಾನ

ತೀರ್ಥಹಳ್ಳಿಯ ಕಡೆಯಿಂದ ಆಗುಂಬೆ ಘಟ್ಟವನ್ನು ಇಳಿಯುವ ಮೋಟಾರ್ ಸೈಕಲ್ ಸವಾರನು 14 ಕಡಿದಾದ ತಿರುವುಗಳನ್ನು ದಾಟಬೇಕು. ಪ್ರತಿಯೊಂದು ತಿರುವಿನಲ್ಲಿಯೂ ಅವನ ವಾಹನವು ಒಳಮಗ್ಗುಲಿಗೆ ವಾಲುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಘಟ್ಟದಲ್ಲಿಯೂ, ಸಾಗರದಿಂದ ಜೋಗಕ್ಕೆ ಹೋಗುವ ದಾರಿಯ ತಿರುವುಗಳಲ್ಲಿಯೂ ನಡೆಯುವುದು ಇದೇ. ಮುಂಗಾಲಿಯನ್ನು ಮೇಲೆತ್ತಿ, ಆಸನದಿಂದ ಏಳದೆ, ಹಿಂಗಾಲಿಯೊಂದರ ಮೇಲೆಯೇ ಸಣ್ಣ ವೃತ್ತವನ್ನು ಸುತ್ತುವ ಸಾಹಸವೂ ಇದೇ ನಿಯಮಗಳಿಗೆ ಅಧೀನವಾಗಿದೆ. ನಮ್ಮಲ್ಲಿ ಜನರು ‘ವೀಲಿಂಗ್’ ಎಂದು ಕರೆಯುವ ವಿದ್ಯೆಯಲ್ಲಿ ಇದೊಂದು ಕಠಿಣವಾದ ಪ್ರಕಾರ. ಇದನ್ನು ಕೇವಲ ಎದೆಗಾರಿಕೆಯ ಪ್ರದರ್ಶನವೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಇದು ಸಮತೋಲದ ಒಂದು ಸಮಸ್ಯೆ. ಅದರ ಸ್ವರೂಪವನ್ನು ವಿಚಾರಿಸೋಣ.

ಗಾಲಿ ಏಳುವುದೇಕೆ?

ಸವಾರನನ್ನೂ ವಾಹನವನ್ನೂ ಒಟ್ಟಿಗೆ ಪರಿಗಣಿಸಿದರೆ, ಅವುಗಳ ಗುರುತ್ವ ಕೇಂದ್ರವು ಎರಡು ಗಾಲಿಗಳ ನಡುವೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಇರುತ್ತದೆ. ಎಂಜಿನ್ನಿನ ಶಕ್ತಿಯಿಂದ ಹಿಂಗಾಲಿಯು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ನೆಲವು ವಾಹನವನ್ನು ಮುಂದಕ್ಕೆ ತಳ್ಳುತ್ತದೆ. ಈ ಬಲವು ಕೆಳಗೆ ನೆಲದ ಮಟ್ಟದಲ್ಲಿ ವರ್ತಿಸುವುದರಿಂದ, ಮೇಲಿರುವ ಗುರುತ್ವ ಕೇಂದ್ರವು ಹಿಂದುಳಿಯಲು ಯತ್ನಿಸುತ್ತದೆ. ವೇಗೋತ್ಕರ್ಷವು ಸಾಕಷ್ಟು ಹೆಚ್ಚಾದರೆ ಮುಂಗಾಲಿಯು ನೆಲವನ್ನು ಬಿಡುತ್ತದೆ. ಕ್ಲಚ್ಚನ್ನು ಒಮ್ಮೆಲೇ ಬಿಡುವುದರಿಂದ ದೊರೆಯುವುದು ಈ ಎಳೆತವೇ.

ಆದರೆ ಕೇವಲ ಎಳೆತದಿಂದ ಗಾಲಿಯನ್ನು ಮೇಲೆ ಇರಿಸಿಕೊಳ್ಳಬೇಕಾದರೆ ವೇಗವು ಏರುತ್ತಲೇ ಇರಬೇಕು. ಸಣ್ಣ ವೃತ್ತದಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಸವಾರನು ಬೇರೊಂದು ಸ್ಥಿತಿಯನ್ನು ಅರಸಬೇಕಾಗುತ್ತದೆ.

ಸಮತೋಲದ ಬಿಂದು

ಗುರುತ್ವ ಕೇಂದ್ರವು ಹಿಂಗಾಲಿಯ ಅಚ್ಚಿನಿಂದ 65 ಸೆಂಟಿಮೀಟರ್ ಮುಂದೆ, ಅಚ್ಚಿನ ಮಟ್ಟಕ್ಕಿಂತ 35 ಸೆಂಟಿಮೀಟರ್ ಮೇಲೆ ಇದೆಯೆಂದು ಇಟ್ಟುಕೊಳ್ಳೋಣ. ಅಚ್ಚಿನಿಂದ ಅದರ ಕಡೆಗೆ ಎಳೆದ ರೇಖೆಯು ನೆಲಕ್ಕೆ ಸುಮಾರು 28 ಡಿಗ್ರಿ ಓರೆಯಾಗಿರುತ್ತದೆ. ವಾಹನವನ್ನು ಇನ್ನೂ 62 ಡಿಗ್ರಿ ಎತ್ತಿದಾಗ ಆ ರೇಖೆ ನೆಟ್ಟಗಾಗಿ, ಒಟ್ಟು ಭಾರವು ನೇರವಾಗಿ ಹಿಂಗಾಲಿಯ ಅಚ್ಚಿನ ಮೇಲೆ ಬೀಳುತ್ತದೆ. ಸವಾರನು ಆಸನದಲ್ಲಿ ಹಿಂದೆ ಸರಿದು ನೆಟ್ಟಗೆ ಕುಳಿತು ಈ ದೂರಗಳನ್ನು 55 ಮತ್ತು 45 ಸೆಂಟಿಮೀಟರ್‌ಗೆ ತಂದನಾದರೆ, 51 ಡಿಗ್ರಿ ಎತ್ತುವುದೇ ಸಾಕು. ಕುಳಿತುಕೊಳ್ಳುವ ಭಂಗಿಯ ಮಹತ್ವವು ಇದರಿಂದ ವಿಶದವಾಗುತ್ತದೆ.

ಈ ಬಿಂದುವಿನಲ್ಲಿ ಗಾಲಿಯನ್ನು ಎತ್ತಿ ಹಿಡಿಯಲು ವೇಗೋತ್ಕರ್ಷದ ಅವಶ್ಯಕತೆಯೇ ಇಲ್ಲ. ಮುಂಭಾಗವು ಇಳಿದರೆ ಎಂಜಿನ್ನಿಗೆ ಸ್ವಲ್ಪ ವೇಗ ಕೊಟ್ಟು ಏರಿಸಬಹುದು. ಹೆಚ್ಚು ಏರಿದರೆ ಹಿಂದಿನ ಬ್ರೇಕನ್ನು ಮೆದುವಾಗಿ ಒತ್ತಿ ಇಳಿಸಬಹುದು. ಬ್ರೇಕಿನ ಬಲವು ನೆಲದ ಮಟ್ಟದಲ್ಲಿ ಹಿಂದಕ್ಕೆ ಎಳೆಯುವುದರಿಂದ ಮೇಲಿನ ಭಾರವು ಮುಂದಕ್ಕೆ ಬಾಗುತ್ತದೆ. ಈ ವಿದ್ಯೆಯ ಪ್ರಾಣವಿರುವುದು ಬ್ರೇಕಿನ ಮೇಲಿನ ಬಲಗಾಲಿನಲ್ಲಿಯೇ ಹೊರತು ಆಕ್ಸಿಲರೇಟರ್ ತಿರುಗಿಸುವ ಕೈಯಲ್ಲಲ್ಲ.

ಕಾಲು ಸೆಕೆಂಡಿನ ಅವಕಾಶ

ಇದು ಅಸ್ಥಿರ ಸಮತೋಲ. ಅಂಗೈಯ ಮೇಲೆ ನಿಲ್ಲಿಸಿದ ಕೋಲಿನಂತೆ, ಅತ್ತಿತ್ತ ಒಂದಿಷ್ಟು ಸರಿದರೂ ಆ ಸರಿತವು ತಾನಾಗಿ ಬೆಳೆಯುತ್ತದೆ. ಮೇಲೆ ಹೇಳಿದ ಅಳತೆಗಳ ವಾಹನದಲ್ಲಿ ಅದು ಸುಮಾರು ಕಾಲು ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತದೆ. 2 ಡಿಗ್ರಿಯ ತಪ್ಪು ಕಾಲು ಸೆಕೆಂಡಿನಲ್ಲಿ 4, ಅರ್ಧ ಸೆಕೆಂಡಿನಲ್ಲಿ 8, ಮುಕ್ಕಾಲು ಸೆಕೆಂಡಿನಲ್ಲಿ 16 ಡಿಗ್ರಿ ಆಗುತ್ತದೆ. ಕಣ್ಣು ಕಂಡದ್ದಕ್ಕೆ ಕೈಕಾಲು ಪ್ರತಿಕ್ರಿಯೆ ತೋರಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಯೋಚಿಸಿ ಬ್ರೇಕ್ ಒತ್ತುವಷ್ಟು ವ್ಯವಧಾನವಿಲ್ಲವೆಂಬುದು ಸ್ಪಷ್ಟ. ಪಾದದ ಚಲನೆಯು ಅಭ್ಯಾಸಬಲದಿಂದ ತಾನಾಗಿಯೇ ನಡೆಯುವಂತಾಗಬೇಕು. ಈ ಕಲಿಕೆಗೆ ದೀರ್ಘಕಾಲ ಹಿಡಿಯುವುದು ಇದಕ್ಕಾಗಿಯೇ.

ವೃತ್ತದ ಲೆಕ್ಕ

ಮುಂಗಾಲಿಯು ಗಾಳಿಯಲ್ಲಿರುವಾಗ ಹ್ಯಾಂಡಲ್ ತಿರುಗಿಸಿ ದಿಕ್ಕು ಬದಲಾಯಿಸುವಂತಿಲ್ಲ. ಮತ್ತೆ ವಾಹನ ತಿರುಗುವುದು ಹೇಗೆ? ಹಳೆಯ ಸೈಕಲ್ ಟೈರನ್ನು ಕೋಲಿನಿಂದ ಉರುಳಿಸಿ ಆಡಿದ ಬಾಲಕರಿಗೆ ಉತ್ತರ ತಿಳಿದಿದೆ. ಟೈರು ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೇ ತಿರುಗುತ್ತದೆ. ಇಲ್ಲಿಯೂ ವಾಲುವಿಕೆಯೇ ಚುಕ್ಕಾಣಿ.

ಎಷ್ಟು ವಾಲಬೇಕು? ವೇಗದ ವರ್ಗವನ್ನು, ವೃತ್ತದ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ವಾಲುವ ಕೋನದ ಸ್ಪರ್ಶಕವು ದೊರೆಯುತ್ತದೆ. 4 ಮೀಟರ್ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಿಂದ ಸುತ್ತುವವನು ಸುಮಾರು 11 ಡಿಗ್ರಿ ವಾಲಬೇಕು. ಒಂದು ಸುತ್ತಿಗೆ 9 ಸೆಕೆಂಡ್ ಹಿಡಿಯುತ್ತದೆ. ವೇಗವು 15 ಕಿಲೋಮೀಟರಿಗೆ ಏರಿದರೆ ಕೋನವು 24 ಡಿಗ್ರಿಯಾಗುತ್ತದೆ. ವೇಗ ಒಂದೂವರೆ ಪಟ್ಟು, ವಾಲುವಿಕೆ ಎರಡು ಪಟ್ಟಿಗೂ ಮಿಗಿಲು!

ತೊಡಕಿರುವುದು ಇಲ್ಲಿಯೇ. ಹೆಚ್ಚು ವಾಲಿದ ವಾಹನವನ್ನು ಎಬ್ಬಿಸಲು ವೇಗ ಹೆಚ್ಚಿಸಿದರೆ ಮುಂಭಾಗವೂ ಮೇಲೇರುತ್ತದೆ. ಅದನ್ನು ತಗ್ಗಿಸಲು ಬ್ರೇಕ್ ಒತ್ತಿದರೆ ವೇಗ ಕುಂದಿ ವಾಹನವು ಒಳಕ್ಕೆ ಬೀಳತೊಡಗುತ್ತದೆ. ಒಂದು ಸಮತೋಲವನ್ನು ತಿದ್ದಹೋದರೆ ಇನ್ನೊಂದು ಕೆಡುತ್ತದೆ. ಆದ್ದರಿಂದ ನುರಿತವರು ಎಂಜಿನ್ನಿನ ಎಳೆತವನ್ನೂ ಬ್ರೇಕಿನ ತಡೆಯನ್ನೂ ಏಕಕಾಲದಲ್ಲಿ ಇರಿಸಿಕೊಂಡು, ಅವುಗಳ ಅಂತರದಿಂದ ಎತ್ತರವನ್ನು ನಿಯಂತ್ರಿಸುತ್ತಾರೆ. ವಾಲುವಿಕೆಯನ್ನು ಸೊಂಟ ಮತ್ತು ಭುಜಗಳ ಸರಿದಾಟದಿಂದ ತಿದ್ದುತ್ತಾರೆ.

ಕಲಿಕೆಯ ಕ್ರಮ

ಇದನ್ನು ವೃತ್ತಿಯಾಗಿ ಅಭ್ಯಸಿಸುವವರು ಬೇಲಿಯುಳ್ಳ, ಜನಸಂಚಾರವಿಲ್ಲದ ಗಟ್ಟಿನೆಲವನ್ನು ಆರಿಸಿಕೊಳ್ಳುತ್ತಾರೆ. ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್, ಬೆನ್ನು, ಮೊಣಕೈ, ಮೊಣಕಾಲುಗಳ ಕವಚ ಮತ್ತು ಪಕ್ಕದಲ್ಲಿ ತಿಳಿದ ಶಿಕ್ಷಕ—ಇವಿಲ್ಲದೆ ಆರಂಭವಿಲ್ಲ. ವಾಹನವೂ ಬೇರೆಯೇ. ಕಡಮೆ ವೇಗದಲ್ಲಿ ಹೆಚ್ಚು ಎಳೆತ ದೊರೆಯುವಂತೆ ಅದರ ಹಿಂದಿನ ಹಲ್ಲುಗಾಲಿಯನ್ನು ದೊಡ್ಡದು ಮಾಡಿರುತ್ತಾರೆ. ಹಿಂದಕ್ಕೆ ಮಗುಚದಂತೆ ತಡೆಯಲು ಬಾಲದಲ್ಲಿ ಉಕ್ಕಿನ ಸರಳನ್ನು ಜೋಡಿಸಿರುತ್ತಾರೆ.

ಮೊದಲ ಪಾಠ, ಎರಡು ಗಾಲಿಗಳ ಮೇಲೆಯೇ ನಿಧಾನವಾಗಿ ಸಣ್ಣ ವೃತ್ತಗಳನ್ನು ಸುತ್ತುವುದು. ಎರಡನೆಯದು, ನೇರದಾರಿಯಲ್ಲಿ ಗಾಲಿಯನ್ನು ಗೇಣುದ್ದ ಎತ್ತಿ ಕೂಡಲೇ ಬ್ರೇಕಿನಿಂದ ಇಳಿಸುವುದು. ಎತ್ತುವುದಕ್ಕಿಂತ ಇಳಿಸುವುದನ್ನೇ ಮೊದಲು ಕಲಿಯಬೇಕು. ಮೂರನೆಯದು, ಸಮತೋಲದ ಬಿಂದುವಿನಲ್ಲಿ ನಿಧಾನವಾಗಿ ನೇರ ಸಾಗುವುದು. ಇವು ಕೈವಶವಾದ ಮೇಲೆ ವಿಶಾಲವಾದ ವೃತ್ತ. ಬಳಿಕ ಕ್ರಮವಾಗಿ ಕಿರಿದಾದ ವೃತ್ತ. ಬಲಗಾಲು ಸದಾ ಬ್ರೇಕಿನ ಮೇಲಿರಬೇಕಾದುದರಿಂದ ಎಡಕ್ಕೆ ಸುತ್ತುವುದು ಅನುಕೂಲ. ಒಳಮಗ್ಗುಲಿನ ಎಡಗಾಲು ಆಪತ್ತಿನಲ್ಲಿ ನೆಲಕ್ಕೆ ಊರಲು ಬಿಡುವಾಗಿರುತ್ತದೆ.

ರಸ್ತೆಯಲ್ಲಿ ಏಕೆ ಸಲ್ಲದು?

24 ಡಿಗ್ರಿ ವಾಲಿ ಸುತ್ತಲು ಟೈರಿಗೂ ನೆಲಕ್ಕೂ ಕನಿಷ್ಠ 0.44 ಘರ್ಷಣ ಗುಣಾಂಕವಿರಬೇಕು. ಒಣಗಿದ ಟಾರು ರಸ್ತೆಯಲ್ಲಿ ಸಾಮಾನ್ಯವಾಗಿ 0.7ರಷ್ಟು ದೊರೆಯುತ್ತದೆ. ಮಳೆಯಲ್ಲಿ ಅದು ಬಹಳ ತಗ್ಗುತ್ತದೆ. ಮಲೆನಾಡಿನ ಮಳೆಗಾಲದ ಪಾಚಿಯ ಮೇಲೆ ಇನ್ನೂ ಕಡಮೆ. ಅಲ್ಲದೆ, ಎತ್ತಿದ ಮುಂಗಾಲಿಯು ಸವಾರನ ನೋಟವನ್ನು ಮರೆಮಾಡುತ್ತದೆ. ಮುಂದಿನ ಬ್ರೇಕ್ ನಿರುಪಯುಕ್ತ. ಹ್ಯಾಂಡಲಿನಿಂದ ಪಕ್ಕಕ್ಕೆ ಸರಿಯುವುದೂ ಅಸಾಧ್ಯ. ಎದುರಿಗೆ ಒಂದು ಹಸು ಅಥವಾ ಶಾಲೆಗೆ ಹೊರಟ ಮಗು ಬಂದರೆ, ಎಷ್ಟೇ ನಿಪುಣನಾದರೂ ಅವನು ಕೇವಲ ನೋಡುವವನಾಗುತ್ತಾನೆ.

1988ರ ಮೋಟಾರು ವಾಹನಗಳ ಕಾಯಿದೆಯು ಅಪಾಯಕರ ಚಾಲನೆಯನ್ನು ಅಪರಾಧವೆಂದು ಗಣಿಸಿದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕನು ಇಂತಹ ಅಪರಾಧ ಮಾಡಿದಲ್ಲಿ ಪೋಷಕರೋ ವಾಹನದ ಮಾಲೀಕರೋ ಹೊಣೆಯಾಗುತ್ತಾರೆ. ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಆದರೆ ಕಾನೂನಿಗೂ ಮೊದಲೇ ಗಣಿತವು ತನ್ನ ತೀರ್ಪನ್ನು ಕೊಟ್ಟಿದೆ. ಕಾಲು ಸೆಕೆಂಡಿಗೊಮ್ಮೆ ಇಮ್ಮಡಿಯಾಗುವ ತಪ್ಪಿಗೆ, ಬೇಲಿ ಹಾಕಿದ ಮೈದಾನದಲ್ಲಿ ತೆರುವ ಬೆಲೆ ಮಂಡಿಯ ತರಚುಗಾಯವಾಗಬಹುದು. ರಸ್ತೆಯಲ್ಲಿ ಅದೇ ತಪ್ಪಿಗೆ ಬೆಲೆ ತೆರುವವರು ಬೇರೆಯವರೂ ಆಗಿರಬಹುದು.