ಕಾರ್ಡಿನ ಸಾಲ ತೀರಿಸಲು ಒಂದು ಪತ್ರ



ಭಾನುವಾರದ ಎರಡನೆಯ ಪೂಜೆ ಮುಗಿದು, ಧರ್ಮೋಪದೇಶದ ಮಕ್ಕಳೆಲ್ಲ ಮನೆಗೆ ಹೊರಟ ಮೇಲೆ ಗುರುನಿವಾಸದ ಜಗಲಿಯಲ್ಲಿ ಯಾರಾದರೊಬ್ಬರು ಕಾದು ನಿಂತಿರುತ್ತಾರೆ. "ಫಾದರ್, ಐದು ನಿಮಿಷ ಮಾತಾಡಬೇಕಿತ್ತು" ಎನ್ನುತ್ತಾರೆ. ಹಿಂದೆ ಹೀಗೆ ಬಂದವರು ಹೇಳುತ್ತಿದ್ದುದು ಮಗನ ಕುಡಿತದ ಬಗ್ಗೆ, ಮಗಳ ಮದುವೆಯ ಬಗ್ಗೆ, ಅಣ್ಣತಮ್ಮಂದಿರ ಜಾಗದ ತಕರಾರಿನ ಬಗ್ಗೆ. ಇತ್ತೀಚೆಗೆ ಬರುವವರು ಜೇಬಿನಿಂದ ಫೋನ್ ತೆಗೆದು ಒಂದು ಮೊತ್ತವನ್ನು ತೋರಿಸುತ್ತಾರೆ. ಕ್ರೆಡಿಟ್ ಕಾರ್ಡಿನ ಬಾಕಿ. ಎಷ್ಟೋ ಸಲ ಆ ಮೊತ್ತ ಮನೆಯಲ್ಲಿ ಹೆಂಡತಿಗೆ ಗೊತ್ತಿರುವುದಿಲ್ಲ, ಇಲ್ಲವೇ ಗಂಡನಿಗೆ ಗೊತ್ತಿರುವುದಿಲ್ಲ.

ಇವು ಪಾಪನಿವೇದನೆಯಲ್ಲಿ ಕೇಳಿದ ಸಂಗತಿಗಳಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಜಗಲಿಯಲ್ಲಿ ಕೇಳಿದ್ದನ್ನೂ ಗುರುತು ಸಿಗದ ಹಾಗೆ ಬದಲಾಯಿಸಿಯೇ ಇಲ್ಲಿ ಬರೆಯುತ್ತಿದ್ದೇನೆ.

ಬಂದವರು ಕೇಳುವ ಪ್ರಶ್ನೆಗಳು ಎರಡು. "ಬ್ಯಾಂಕಿನವರು ಅರ್ಧ ಕಟ್ಟಿ ಸೆಟಲ್‌ಮೆಂಟ್ ಮಾಡಿಕೊಳ್ಳಿ ಎನ್ನುತ್ತಾರೆ. ಒಪ್ಪಿಕೊಂಡರೆ ಅದು ಕಳ್ಳತನವಾಗುತ್ತದೆಯೇ?" ಇದು ಮೊದಲನೆಯದು. "ಕಟ್ಟಿದರೆ ನಿಜವಾಗಿಯೂ ಮುಗಿಯುತ್ತದೆಯೇ?" ಇದು ಎರಡನೆಯದು. ಮೊದಲನೆಯದು ಮನಸ್ಸಾಕ್ಷಿಗೆ ಸೇರಿದ್ದು, ಎರಡನೆಯದು ಕಾನೂನಿಗೆ. ಆದರೂ ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ನೀವು ಬ್ಯಾಂಕಿಗೆ ಬರೆಯುವ ಪತ್ರ ಸತ್ಯವಾಗಿರಬೇಕು. ಬ್ಯಾಂಕಿನ ಒಪ್ಪಿಗೆ, ನೀವು ಹಣ ಕಟ್ಟುವ ಮೊದಲೇ, ಬರಹದಲ್ಲಿ ನಿಮ್ಮ ಕೈಸೇರಿರಬೇಕು.

ಸಾಲ ಬೆಳೆಯುವ ಬಗೆ

ಲೆಕ್ಕವನ್ನು ಒಮ್ಮೆ ನೋಡೋಣ. ಬಾಕಿ ಒಂದು ಲಕ್ಷ ರೂಪಾಯಿ, ಬಡ್ಡಿ ತಿಂಗಳಿಗೆ ಶೇಕಡ 3.5 ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ ₹3,500. ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ, ಅಂದರೆ ₹630. ಬಿಲ್ಲಿನಲ್ಲಿ "ಕನಿಷ್ಠ ಪಾವತಿ" ಎಂದು ₹5,000 ಕೇಳಿದ್ದರೆ, ನೀವು ಕಷ್ಟಪಟ್ಟು ಕಟ್ಟುವ ಐದು ಸಾವಿರದಲ್ಲಿ ಅಸಲಿಗೆ ಸಲ್ಲುವುದು ₹870 ಮಾತ್ರ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆಂಬ ಎಚ್ಚರಿಕೆಯನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಬೇಕೆಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಹೇಳಿದೆ. ನಾವು ಓದುವುದಿಲ್ಲ, ಅಷ್ಟೆ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡ 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ಆದ್ದರಿಂದ "ಇಷ್ಟು ಬಡ್ಡಿ ಕಾನೂನುಬಾಹಿರ" ಎಂದು ಪತ್ರದಲ್ಲಿ ವಾದಿಸುವುದರಿಂದ ಪ್ರಯೋಜನವಿಲ್ಲ.

ಸಂಬಳ ಬರುತ್ತಿದ್ದು, ಬಡ್ಡಿಯೊಂದೇ ಹೊರೆಯಾಗಿದ್ದರೆ ಅರ್ಧಕ್ಕೆ ಇತ್ಯರ್ಥ ಕೇಳುವ ಅಗತ್ಯವೇ ಇಲ್ಲ. ಕಾರ್ಡನ್ನು ನಿಲ್ಲಿಸಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಪರಿವರ್ತಿಸಿಕೊಡಿ ಎಂದು ಮೊದಲು ಬರೆಯಿರಿ. ಕಟ್ಟುವ ಶಕ್ತಿಯೇ ಮುರಿದುಬಿದ್ದವರಿಗಾಗಿ ಇರುವುದು ಸೆಟಲ್‌ಮೆಂಟ್. "ಮೂರು ತಿಂಗಳು ಕಟ್ಟದೆ ಬಿಡು, ಆಮೇಲೆ ಅವರೇ ಕಡಿಮೆ ಮಾಡುತ್ತಾರೆ" ಎಂದು ಉಪದೇಶಿಸುವ ಗೆಳೆಯರು ಎಲ್ಲ ಕಡೆ ಸಿಗುತ್ತಾರೆ. ಕನಿಷ್ಠ ಮೊತ್ತವನ್ನು 90 ದಿನ ಕಟ್ಟದಿದ್ದರೆ ಬ್ಯಾಂಕ್ ಆ ಖಾತೆಯನ್ನು ಅನುತ್ಪಾದಕ ಸಾಲವೆಂದು ಗುರುತಿಸುತ್ತದೆ, ರಾಜಿಯ ಮಾತು ಹೆಚ್ಚಾಗಿ ಆ ಮೇಲೆಯೇ ಬರುತ್ತದೆ ಎಂಬುದು ನಿಜ. ಆದರೆ ಶಕ್ತಿಯಿದ್ದೂ ಕಟ್ಟದೆ ಕುಳಿತವನಿಗೆ ನಾನು ಪತ್ರ ಬರೆದುಕೊಡಲಾರೆ.

ಇದು ಕಳ್ಳತನವೇ?

ಸಾಲ ತೀರಿಸುವುದು ನ್ಯಾಯದ ಬೇಡಿಕೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2411ನೆಯ ಪರಿಚ್ಛೇದವೂ ಇದನ್ನೇ ಹೇಳುತ್ತದೆ. ಹಾಗಿದ್ದರೂ ಸಾಲ ಕೊಟ್ಟವನು ತನ್ನ ಹಕ್ಕಿನ ಒಂದು ಭಾಗವನ್ನು ತಾನಾಗಿ ಬಿಟ್ಟುಕೊಟ್ಟರೆ, ಆ ಭಾಗವನ್ನು ಹಿಂದಿರುಗಿಸುವ ಹೊಣೆ ಇಲ್ಲವಾಗುತ್ತದೆ. ನಾವು ಗುರುಮಠದಲ್ಲಿ ಓದಿದ ನೈತಿಕ ದೈವಶಾಸ್ತ್ರದ ಹಳೆಯ ಪಾಠವಿದು. ಇದಕ್ಕೆ ಒಂದು ಷರತ್ತು ಇತ್ತು: ಆ ಬಿಟ್ಟುಕೊಡುವಿಕೆಯನ್ನು ಮೋಸದಿಂದ ಪಡೆದಿರಬಾರದು. ಕೆಲಸ ಹೋಗಿಲ್ಲದಿದ್ದರೂ ಹೋಗಿದೆಯೆಂದು, ಆಸ್ಪತ್ರೆಗೆ ಸೇರಿಲ್ಲದಿದ್ದರೂ ಸೇರಿದ್ದೆನೆಂದು ಬರೆದು ಪಡೆದ ಮನ್ನಾ ಮನ್ನಾ ಆಗುವುದಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಸಾಲ ಮುಗಿದರೂ ಆ ಮನುಷ್ಯನ ಹೊಣೆ ಹಾಗೆಯೇ ಉಳಿದಿರುತ್ತದೆ. ಸ್ಥಿತಿಯನ್ನು ಇದ್ದ ಹಾಗೆ ಬರೆದು, ಬ್ಯಾಂಕ್ ತಿಳಿದೇ ಒಪ್ಪಿದ್ದರೆ, ಮುಂದೆ ನಿಮಗೆ ಒಳ್ಳೆಯ ದಿನಗಳು ಬಂದರೂ ಸಂಕೋಚಪಟ್ಟುಕೊಳ್ಳಬೇಕಾಗಿಲ್ಲ.

ನಮ್ಮ ದೇಶದ ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 1872ರ ಭಾರತೀಯ ಕರಾರು ಅಧಿನಿಯಮದ 63ನೆಯ ಕಲಮು ಸಾಲಿಗನಿಗೆ ತನ್ನ ಬಾಕಿಯನ್ನು ಪೂರ್ತಿಯಾಗಿ ಅಥವಾ ಭಾಗಶಃ ಬಿಟ್ಟುಕೊಡುವ ಅಧಿಕಾರ ಕೊಡುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಯಲ್ಲಿ ₹5,000 ಸಾಲಕ್ಕೆ ₹2,000ವನ್ನು ಪೂರ್ಣ ತೀರುವಳಿಯೆಂದು ಸ್ವೀಕರಿಸಿದರೆ ಇಡೀ ಸಾಲ ತೀರುತ್ತದೆ. ರಿಸರ್ವ್ ಬ್ಯಾಂಕ್ ಕೂಡ 2023ರ ಜೂನ್ 8ರ ಸುತ್ತೋಲೆಯಲ್ಲಿ, ಇಂಥ ರಾಜಿ ಇತ್ಯರ್ಥಕ್ಕೆ ಪ್ರತಿಯೊಂದು ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಇರಬೇಕೆಂದು ಹೇಳಿದೆ. ಆದ್ದರಿಂದ ನೀವು ಕೇಳುವುದು ಭಿಕ್ಷೆಯೆಂದು ತಿಳಿದು ಕುಗ್ಗಬೇಡಿ.

ಪತ್ರದಲ್ಲಿ ಏನಿರಬೇಕು

ತೋಬಿತನ ಗ್ರಂಥವನ್ನು ನೆನಪಿಸಿಕೊಳ್ಳಿ. ಮುದುಕ ತೋಬಿತನು ದೂರದ ಊರಿನ ಗಬಾಯೇಲನ ಬಳಿ ಇಟ್ಟಿದ್ದ ಬೆಳ್ಳಿಯನ್ನು ತರಲು ಮಗನನ್ನು ಕಳುಹಿಸುವಾಗ ಸಹಿ ಮಾಡಿದ ಕಾಗದದ ಮಾತು ಬರುತ್ತದೆ. ಕೊನೆಗೆ ಆ ಹಣವನ್ನು ತರಲು ಹೋದವನು ರಫಾಯೇಲ ದೇವದೂತನೇ. ಅವನೂ ಕಾಗದ ಹಿಡಿದುಕೊಂಡೇ ಹೋದ. ದೇವದೂತನಿಗೇ ಕಾಗದ ಬೇಕಾಗಿದ್ದರೆ, ಫೋನಿನಲ್ಲಿ ಹೆಸರೂ ಸರಿಯಾಗಿ ಹೇಳದ ವಸೂಲಿ ಏಜೆಂಟನ ಬಾಯಿಮಾತನ್ನು ನಾವು ನಂಬಬೇಕೆ?

ನನ್ನ ಬಳಿ ಬಂದಿದ್ದ ಒಬ್ಬರು ನಂಬಿದ್ದರು. "ಇವತ್ತು ಸಂಜೆಯೊಳಗೆ ನಲವತ್ತು ಸಾವಿರ ಹಾಕಿದರೆ ಫೈಲ್ ಕ್ಲೋಸ್" ಎಂದ ಏಜೆಂಟನ ಮಾತು ಕೇಳಿ, ತಂಗಿಯ ಸರವನ್ನು ಅಡವಿಟ್ಟು ಹಣ ಕಟ್ಟಿದರು. ಎರಡು ತಿಂಗಳ ನಂತರ ಬೇರೊಬ್ಬ ಏಜೆಂಟ್ ಫೋನ್ ಮಾಡಿದ. ಕಟ್ಟಿದ ಹಣ ಬಡ್ಡಿಗೆ ಜಮೆಯಾಗಿತ್ತು, ಉಳಿದ ಬಾಕಿ ಹಾಗೆಯೇ ಇತ್ತು. ಕೈಯಲ್ಲಿ ಒಂದು ಸಾಲಿನ ಕಾಗದವೂ ಇರಲಿಲ್ಲ. ಸರ ಇನ್ನೂ ಬಿಡಿಸಿಕೊಂಡಿಲ್ಲ.

ಪತ್ರ ಉದ್ದವಾಗಿರಬೇಕಾಗಿಲ್ಲ. ಒಂದು ಪುಟ ಸಾಕು. ಕಣ್ಣೀರಿನ ಕಥೆ ಬೇಡ, ಲೆಕ್ಕ ಬೇಕು. ಹೀಗೆ ಬರೆಯಬಹುದು:

"ನನ್ನ ಕಾರ್ಡ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಇಂಥವು. ಕಳೆದ ತಿಂಗಳ ಬಿಲ್ಲಿನ ಪ್ರಕಾರ ಬಾಕಿ ₹1,84,000. ಶಸ್ತ್ರಚಿಕಿತ್ಸೆಯ ಕಾರಣ ನಾಲ್ಕು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ. ಆಸ್ಪತ್ರೆಯ ದಾಖಲೆಯ ಪ್ರತಿ ಲಗತ್ತಿಸಿದ್ದೇನೆ. ಈಗ ಸಂಬಳ ತಿಂಗಳಿಗೆ ₹23,000. ಬಾಡಿಗೆ, ಔಷಧಿ, ಮನೆಖರ್ಚು, ಇಬ್ಬರು ಮಕ್ಕಳ ಶಾಲೆ ಕಳೆದು ಉಳಿಯುವುದು ಸುಮಾರು ₹2,000. ಚೀಟಿಯಿಂದ ಬಂದ ₹80,000 ನನ್ನ ಬಳಿ ಇದೆ. ಇದನ್ನು ಪೂರ್ಣ ಮತ್ತು ಅಂತಿಮ ತೀರುವಳಿಯಾಗಿ ಸ್ವೀಕರಿಸಿ ಉಳಿದ ಬಾಕಿಯನ್ನು ಮನ್ನಾ ಮಾಡಬೇಕೆಂದು ಕೋರುತ್ತೇನೆ. ನಿಮ್ಮ ಒಪ್ಪಿಗೆ ಪತ್ರ ಕೈಸೇರಿದ ಏಳು ದಿನಗಳೊಳಗೆ ಒಂದೇ ಕಂತಿನಲ್ಲಿ ಕಟ್ಟುತ್ತೇನೆ. ದಯವಿಟ್ಟು ಬರಹದಲ್ಲಿಯೇ ಉತ್ತರಿಸಿರಿ."

ಕನ್ನಡದಲ್ಲಿ ಬರೆದರೆ ತಪ್ಪಿಲ್ಲ. ಆದರೆ ಕಾರ್ಡಿನ ಕಚೇರಿಗಳು ಹೆಚ್ಚಾಗಿ ಹೊರ ರಾಜ್ಯದಲ್ಲಿ ಇರುವುದರಿಂದ ಇಂಗ್ಲಿಷಿನಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆ. ಧರ್ಮಕೇಂದ್ರದ ಯುವಜನರಲ್ಲಿ ಒಬ್ಬರನ್ನು ಕೇಳಿ. ಬ್ಯಾಂಕಿನ ಜಾಲತಾಣದಲ್ಲಿ ಕೊಟ್ಟಿರುವ ಇಮೇಲಿಗೆ ಕಳುಹಿಸಿ, ಪ್ರತಿಯೊಂದನ್ನು ಸ್ಪೀಡ್ ಪೋಸ್ಟಿನಲ್ಲೂ ಹಾಕಿ ರಸೀದಿ ಇಟ್ಟುಕೊಳ್ಳಿ. (ನಮ್ಮ ಹಿರಿಯರು ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಂದಿಗೆ ವಿಲೀನವಾಯಿತು.)

ಬ್ಯಾಂಕಿನವರು ₹80,000ಕ್ಕೆ ತಕ್ಷಣ ಒಪ್ಪಲಿಕ್ಕಿಲ್ಲ. ₹1,30,000 ಕೇಳಬಹುದು. ಗಾಬರಿಯಾಗದೆ ಮತ್ತೆ ಬರೆಯಿರಿ. ನಾಲ್ಕಾರು ಪತ್ರಗಳು ಹೋಗಿ ಬರುವುದು ಸಾಮಾನ್ಯ. ಸ್ವಲ್ಪ ಹೆಚ್ಚಿಗೆ ಕೊಡಲು ಸಾಧ್ಯವಿದ್ದರೆ ಹೇಳಿ, ಇಲ್ಲದಿದ್ದರೆ ಇಲ್ಲವೆನ್ನಿ. ಮೂರು ಕಂತಿನಲ್ಲಿ ಕಟ್ಟುತ್ತೇನೆಂದು ಒಪ್ಪಿಕೊಂಡು ಮೂರನೆಯದನ್ನು ತಪ್ಪಿಸಿದರೆ ಇಡೀ ಇತ್ಯರ್ಥವೇ ರದ್ದಾಗಬಹುದು, ಹಿಂದಿನ ಬಡ್ಡಿಯೆಲ್ಲ ಮರಳಿ ಬರಬಹುದು. ಭದ್ರತೆಗೆಂದು ಮುಂದಿನ ದಿನಾಂಕದ ಚೆಕ್ ಕೇಳಿದರೆ ಖಾತೆಯಲ್ಲಿ ಹಣವಿರುವುದು ಖಚಿತವಾಗಿದ್ದರೆ ಮಾತ್ರ ಕೊಡಿ. ಕಾರ್ಡಿನ ಬಿಲ್ಲು ಕಟ್ಟಲಾಗದಿರುವುದು ಸಿವಿಲ್ ವಿಷಯ. ಚೆಕ್ ಅಮಾನ್ಯವಾದರೆ 138ನೆಯ ಕಲಮಿನಡಿ ಕ್ರಿಮಿನಲ್ ಮೊಕದ್ದಮೆಯಾಗುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ. ಬಾಕಿ ವಸೂಲಿಗೆ ದಾವೆ ಹೂಡಲು ಕಾನೂನು ಮೂರು ವರ್ಷದ ಕಾಲಮಿತಿ ಕೊಟ್ಟಿದೆ. ಆ ಅವಧಿಯೊಳಗೆ ಸಾಲ ಇದೆಯೆಂದು ಒಪ್ಪಿ ಸಹಿ ಹಾಕಿ ಬರೆದರೆ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹಳೆಯ ಸಾಲವಾಗಿದ್ದರೆ ಬರೆಯುವ ಮುಂಚೆ ವಕೀಲರನ್ನು ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ. ಕಾಲಮಿತಿ ಮುಗಿದರೆ ನ್ಯಾಯಾಲಯದ ಬಾಗಿಲು ಮುಚ್ಚಬಹುದು, ಸಾಲ ಮಾಡಿದ್ದು ಸುಳ್ಳಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ನನ್ನ ವಕೀಲ ಮಿತ್ರರಿಗೂ ನನಗೂ ವಾದ ಇನ್ನೂ ಮುಗಿದಿಲ್ಲ.

ಒಪ್ಪಿಗೆ ಬಂದ ಮೇಲೆ

ಒಪ್ಪಿಗೆ ಪತ್ರವನ್ನು ನಿಧಾನವಾಗಿ ಓದಿ. ಬ್ಯಾಂಕಿನ ಲೆಟರ್‌ಹೆಡ್, ನಿಮ್ಮ ಹೆಸರು, ಕಾರ್ಡಿನ ಕೊನೆಯ ಅಂಕಿಗಳು, ಕಟ್ಟಬೇಕಾದ ಮೊತ್ತ, ಕೊನೆಯ ದಿನಾಂಕ, ಇದು ಪೂರ್ಣ ಮತ್ತು ಅಂತಿಮ ತೀರುವಳಿ ಎಂಬ ಮಾತು ಇವೆಲ್ಲ ಇರಬೇಕು. ವಾಟ್ಸಾಪಿನಲ್ಲಿ ಬಂದ ಪತ್ರವಾದರೆ ಅದರ ಪ್ರತಿಯನ್ನು ಶಾಖೆಗೆ ಒಯ್ದು ಅಥವಾ ಬ್ಯಾಂಕಿನ ಅಧಿಕೃತ ಇಮೇಲಿಗೆ ಕಳುಹಿಸಿ ನಿಜವೇ ಎಂದು ಕೇಳಿ. ನಕಲಿ ಪತ್ರಗಳೂ ಓಡಾಡುತ್ತಿವೆ. ಹಣವನ್ನು ಕಾರ್ಡಿನ ಖಾತೆಗೇ ಕಟ್ಟಿ. ಏಜೆಂಟನ ಸ್ವಂತ ಫೋನ್ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಶುಲ್ಕ ಕೊಟ್ಟರೆ ನಿಮ್ಮ ಪರವಾಗಿ ಮಾತಾಡುತ್ತೇವೆನ್ನುವ ಸಂಸ್ಥೆಗಳಿವೆ. ಅವರು ಮಾಡುವ ಕೆಲಸ ಈ ಒಂದು ಪುಟದ ಪತ್ರವೇ, ನೀವೇ ಮಾಡಬಲ್ಲಿರಿ.

ಬೆಲೆಯನ್ನೂ ತಿಳಿದಿರಿ. ಕ್ರೆಡಿಟ್ ವರದಿಯಲ್ಲಿ ನಿಮ್ಮ ಖಾತೆ "ಕ್ಲೋಸ್ಡ್" ಎಂದಾಗದೆ "ಸೆಟಲ್ಡ್" ಎಂದು ದಾಖಲಾಗುತ್ತದೆ. ಮುಂದೆ ಮನೆಸಾಲಕ್ಕೋ ಮಗಳ ಶಿಕ್ಷಣದ ಸಾಲಕ್ಕೋ ಹೋದಾಗ ಆ ಪದ ಅಡ್ಡ ಬರುತ್ತದೆ. 2023ರ ಸುತ್ತೋಲೆಯ ಪ್ರಕಾರ ರಾಜಿ ಮಾಡಿಕೊಂಡವರಿಗೆ ಅದೇ ಬ್ಯಾಂಕ್ ಕನಿಷ್ಠ ಹನ್ನೆರಡು ತಿಂಗಳು ಹೊಸ ಸಾಲ ಕೊಡುವಂತಿಲ್ಲ. ಕೃಷಿ ಸಾಲಕ್ಕೆ ಈ ಹನ್ನೆರಡು ತಿಂಗಳ ಮಿತಿ ಅನ್ವಯಿಸದು.

ಪತ್ರವ್ಯವಹಾರ ನಡೆಯುತ್ತಿರುವಾಗ ಫೋನುಗಳು ನಿಲ್ಲಲಿಕ್ಕಿಲ್ಲ. ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ಬೆದರಿಸಬಾರದು, ಮನೆಯವರ ಮತ್ತು ಸ್ನೇಹಿತರ ಖಾಸಗಿತನಕ್ಕೆ ಕೈಹಾಕಬಾರದು ಎಂದು 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿದೆ. ಮೀರಿದರೆ ದಿನಾಂಕ, ಸಮಯ, ನಂಬರ್ ಬರೆದಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ರಾತ್ರಿ ಒಬ್ಬರೇ ಎದ್ದು ಕುಳಿತು, ಬದುಕೇ ಬೇಡವೆನಿಸಿದರೆ ಮೊದಲು ಮನೆಯವರನ್ನು ಎಬ್ಬಿಸಿ. ಅದೂ ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು. ನಮ್ಮ ಗುರುನಿವಾಸದ ಬಾಗಿಲು ತಟ್ಟಿದರೂ ಸರಿ, ಎಷ್ಟು ಹೊತ್ತಿಗಾದರೂ.

ಹಣ ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪ್ರಮಾಣಪತ್ರವನ್ನು ಬರೆದು ಕೇಳಿ ಪಡೆಯಿರಿ. ಎರಡು ತಿಂಗಳು ಬಿಟ್ಟು ನಿಮ್ಮ ಕ್ರೆಡಿಟ್ ವರದಿ ತೆಗೆಸಿ ನೋಡಿ. ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಅಲ್ಲಿ ಇನ್ನೂ ಹಳೆಯ ಬಾಕಿ ಕಾಣಿಸುತ್ತಿದ್ದರೆ ಬ್ಯಾಂಕಿಗೂ ವರದಿ ಕೊಟ್ಟ ಕಂಪನಿಗೂ ಮತ್ತೊಂದು ಪತ್ರ ಬರೆಯಿರಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಆ ಪತ್ರದ ಪ್ರತಿಯೂ ಉಳಿದ ಕಾಗದಗಳ ಜೊತೆ ಅದೇ ಕಡತದಲ್ಲಿರಲಿ. ಕಡತ ಎಲ್ಲಿದೆಯೆಂದು ಮನೆಯಲ್ಲಿ ಇಬ್ಬರಿಗೂ ಗೊತ್ತಿರಲಿ.