ಮಿನುಗುವ ಸಂಕೇತ ದೀಪಗಳು ಮತ್ತು ಚಾಲಕರ ಕರ್ತವ್ಯ

ಹಗಲಿನಲ್ಲಿ ಕೂಡುರಸ್ತೆಗಳ ಸಂಕೇತ ದೀಪಗಳು ಸರದಿಯಂತೆ ಬೆಳಗಿ ವಾಹನಗಳನ್ನು ನಿಲ್ಲಿಸುತ್ತವೆ, ಮುಂದೆ ಬಿಡುತ್ತವೆ. ರಾತ್ರಿ ಸಂಚಾರ ವಿರಳವಾದ ಮೇಲೆ ಅನೇಕ ನಗರಗಳಲ್ಲಿ ಈ ಸರದಿ ನಿಂತು, ಹಳದಿ ದೀಪವೊಂದೇ ಮಿನುಗತೊಡಗುತ್ತದೆ. ಬರಿದಾದ ರಸ್ತೆಯಲ್ಲಿ ವಾಹನಗಳು ವೃಥಾ ಕಾಯಬಾರದೆಂಬುದು ಈ ಏರ್ಪಾಡಿನ ಉದ್ದೇಶ. ಆದರೆ ಇದನ್ನು ‘ಇನ್ನು ತಡೆಯಿಲ್ಲ’ ಎಂಬ ಅನುಮತಿಯೆಂದು ಭಾವಿಸುವ ಚಾಲಕರು ಕಡಿಮೆಯಿಲ್ಲ. ವಾಸ್ತವವಾಗಿ, ಯಾರು ಮೊದಲು ಸಾಗಬೇಕೆಂದು ನಿರ್ಧರಿಸುವ ಹೊಣೆಯನ್ನು ಯಂತ್ರವು ಆಗ ಚಾಲಕರಿಗೇ ವಹಿಸಿರುತ್ತದೆ. ಅದೂ ನಾಲ್ಕು ದಿಕ್ಕಿನಿಂದ ಬರುವವರಿಗೆ ಏಕಕಾಲದಲ್ಲಿ.

ಸ್ಥಿರವಾಗಿ ಬೆಳಗುವ ಹಳದಿ ದೀಪಕ್ಕೂ ಮಿನುಗುವ ಹಳದಿ ದೀಪಕ್ಕೂ ಅರ್ಥ ಬೇರೆ. ಸ್ಥಿರ ಹಳದಿ ಬಂದಾಗ, ಸುರಕ್ಷಿತವಾಗಿ ನಿಲ್ಲಲಾರದಷ್ಟು ಸಮೀಪಕ್ಕೆ ಬಂದಿರುವ ವಾಹನವನ್ನುಳಿದು ಮಿಕ್ಕವು ನಿಲ್ಲಬೇಕು. ಮಿನುಗುವ ಹಳದಿಗೆ ವೇಗವನ್ನು ತಗ್ಗಿಸಿ, ಎರಡೂ ಬದಿಗಳನ್ನು ನೋಡಿ, ದಾರಿ ತೆರವಾಗಿದ್ದರೆ ನಿಲ್ಲದೆಯೇ ಎಚ್ಚರದಿಂದ ಸಾಗಬಹುದು.

ಮಿನುಗುವ ಕೆಂಪು ದೀಪದ ಆಜ್ಞೆ ಇದಕ್ಕಿಂತ ಕಠಿಣ. ನಿಲುಗಡೆ ಗೆರೆಯ ಹಿಂದೆ ಚಕ್ರಗಳು ಪೂರ್ತಿಯಾಗಿ ನಿಲ್ಲಬೇಕು; ಗೇರ್ ಇಳಿಸಿ ತೆವಳುತ್ತ ಸಾಗುವುದು ನಿಂತಂತಲ್ಲ. ನಿಂತು, ಅಡ್ಡ ಬರುವವರಿಗೆ ಎಡೆಗೊಟ್ಟು, ನಂತರ ಮುಂದುವರಿಯಬೇಕು. ಕೆಲವೆಡೆ ಮುಖ್ಯರಸ್ತೆಗೆ ಹಳದಿಯೂ ಅಡ್ಡರಸ್ತೆಗೆ ಕೆಂಪೂ ಮಿನುಗುವುದುಂಟು. ಅಲ್ಲಿ ಕೆಂಪಿನ ಕಡೆಯವನು ಕಾಯಬೇಕಾದುದು ನಿಜ, ಆದರೆ ಅವನು ಕಾದೇ ಕಾಯುತ್ತಾನೆಂದು ಹಳದಿಯ ಕಡೆಯವನು ನಂಬಿ ನುಗ್ಗಲಾಗದು. ರೈಲ್ವೆ ಗೇಟಿನ ಮಾತೇ ಬೇರೆ. ಅಲ್ಲಿ ಕೆಂಪು ದೀಪ ಮಿನುಗುತ್ತಿರುವಷ್ಟು ಕಾಲವೂ ನಿಂತೇ ಇರಬೇಕು. ಹಳಿಯತ್ತ ಇಣುಕಿ ನೋಡಿ ದಾಟಲು ಅವಕಾಶವಿಲ್ಲ.

ನಾಲ್ಕೂ ಕಡೆ ಹಳದಿಯೇ ಮಿನುಗುತ್ತಿದ್ದರೆ ಮೊದಲು ಹೋಗುವವರು ಯಾರು? ದೆಹಲಿಯವರು ಚೌಕ್ ಎನ್ನಲಿ, ಮುಂಬಯಿಯವರು ನಾಕಾ ಎನ್ನಲಿ, ನಿಯಮ ದೇಶಕ್ಕೆಲ್ಲ ಒಂದೇ. 1989ರ ರಸ್ತೆ ನಿಯಮಗಳಲ್ಲಿದ್ದ ಈ ತತ್ತ್ವವನ್ನು, ಅವುಗಳ ಸ್ಥಾನದಲ್ಲಿ ಬಂದ 2017ರ ಮೋಟಾರು ವಾಹನ ಚಾಲನಾ ವಿನಿಯಮಗಳೂ ಉಳಿಸಿಕೊಂಡಿವೆ. ಪ್ರಧಾನ ರಸ್ತೆಯನ್ನು ಪ್ರವೇಶಿಸುವವರು ಆ ರಸ್ತೆಯ ವಾಹನಗಳಿಗೆ ದಾರಿ ಬಿಡಬೇಕು. ಅಂತಹ ಭೇದವಿಲ್ಲದೆಡೆ ತಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಬಲಗಡೆಗೇ ಏಕೆ ಈ ಮನ್ನಣೆ? ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ಆದ್ದರಿಂದ ಕೂಡುರಸ್ತೆಯೊಳಗೆ ಕಾಲಿಟ್ಟೊಡನೆ ಮೊದಲು ಎದುರಾಗುವ ಅರ್ಧಭಾಗದಲ್ಲಿ ಬರುವುದು ಬಲಗಡೆಯ ವಾಹನ. ಎಡಗಡೆಯದು ಆಚೆಯ ಅರ್ಧದಲ್ಲಿ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ದಾಟುವ ಮುನ್ನ ಪುನಃ ಬಲಕ್ಕೆ ನೋಡುವ ರೂಢಿಗೆ ಇದೇ ಕಾರಣ.

ವೇಗ ತಗ್ಗಿಸದೆ ನೋಡಿದರೆ ಪ್ರಯೋಜನವಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡ್ ಹಿಡಿದರೂ ಅಷ್ಟು ದೂರ ಕಳೆದುಹೋಗಿರುತ್ತದೆ. ಬ್ರೇಕ್ ಒತ್ತಿದ ಮೇಲೂ, 30 ಕಿಲೋಮೀಟರ್ ವೇಗದಲ್ಲಿ ನಿಲ್ಲಲು ಬೇಕಾಗುವುದರ ನಾಲ್ಕು ಪಟ್ಟು ದೂರ ಅದಕ್ಕೆ ಬೇಕು. ಮಳೆಯಲ್ಲಿ ನೆನೆದ ರಸ್ತೆಯಾದರೆ ಇನ್ನೂ ಹೆಚ್ಚು. ಮೂಲೆಯ ಕಟ್ಟಡ ಮರೆಮಾಡಿರುವ ಕೂಡುರಸ್ತೆಯಲ್ಲಿ ಇಷ್ಟು ದೂರ ದೊರೆಯುವುದಿಲ್ಲ. ಹಿಂದಿನವರು ಹಾರ್ನ್ ಬಾರಿಸಿದರೆಂದು ನುಗ್ಗುವುದು ಸಲ್ಲದು. ಅವರಿಗೆ ಅಡ್ಡರಸ್ತೆ ಕಾಣುತ್ತಿರುವುದಿಲ್ಲ.

ಪಾದಚಾರಿಗಳ ಸ್ಥಿತಿ ಆಗ ಇನ್ನೂ ಕಷ್ಟದ್ದು. ವಾಹನಗಳನ್ನು ತಡೆದು ಅವರಿಗೆ ದಾರಿ ಕೊಡುವ ದೀಪವೇ ಅಲ್ಲಿರುವುದಿಲ್ಲ. ಪಟ್ಟೆದಾರಿಯ ಮೇಲೆ ಯಾರಾದರೂ ಇದ್ದರೆ, ಹಳದಿಯಾಗಲಿ ಕೆಂಪಾಗಲಿ, ನಿಂತು ಅವರನ್ನು ದಾಟಗೊಡುವುದು ಚಾಲಕನ ಕರ್ತವ್ಯ.

ಸಂಕೇತಗಳನ್ನು ಪಾಲಿಸುವುದನ್ನು 1988ರ ಮೋಟಾರು ವಾಹನ ಅಧಿನಿಯಮದ 119ನೆಯ ಪ್ರಕರಣ ಕಡ್ಡಾಯಗೊಳಿಸಿದೆ. ಕೆಂಪು ದೀಪದ ಉಲ್ಲಂಘನೆಯನ್ನು 2019ರ ತಿದ್ದುಪಡಿಯು 184ನೆಯ ಪ್ರಕರಣದ ಅಪಾಯಕರ ಚಾಲನೆಯಲ್ಲಿ ಸೇರಿಸಿದ್ದು, ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದಾಗಿದೆ.

ವಿದ್ಯುತ್ ಕೈಕೊಟ್ಟು ದೀಪಗಳೆಲ್ಲ ಆರಿಹೋಗಿದ್ದರೆ, ಆ ಸ್ಥಳವನ್ನು ಸಂಕೇತವೇ ಇಲ್ಲದ ಕೂಡುರಸ್ತೆಯೆಂದು ಎಣಿಸಿ, ಮೇಲೆ ಹೇಳಿದ ಬಲಗಡೆಯ ನಿಯಮವನ್ನೇ ಅನುಸರಿಸತಕ್ಕದ್ದು. ಸಂಚಾರ ಪೊಲೀಸರು ನಿಂತಿರುವಲ್ಲಿ ದೀಪ ಏನೇ ತೋರಿಸುತ್ತಿರಲಿ, ಅವರ ಕೈಸನ್ನೆಯೇ ಆಜ್ಞೆ.