ಬನ್ನಿಯ ಮರವೂ ಮಯೂರಖಂಡಿಯ ಅರಸನೂ

ಪ್ರತಿವರ್ಷ ಆಶ್ವಯುಜ ಶುದ್ಧ ದಶಮಿಯಂದು ನಾವು ಊರ ಎಲ್ಲೆಯನ್ನು ದಾಟಿ ಶಮೀವೃಕ್ಷವನ್ನು ಪೂಜಿಸುತ್ತೇವೆ. ಬನ್ನಿಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಂಡು ಹಿರಿಯರಿಗೆ ನಮಸ್ಕರಿಸುತ್ತೇವೆ. ಪಾಂಡವರು ಅಜ್ಞಾತವಾಸಕ್ಕೆ ಮುನ್ನ ತಮ್ಮ ಆಯುಧಗಳನ್ನು ವಿರಾಟನಗರದ ಹೊರಗೆ ಇಂತಹುದೇ ಮರದಲ್ಲಿ ಇರಿಸಿದರು. ಗಾಂಡೀವಿಯಾದ ಅರ್ಜುನನು ಒಂದು ವರ್ಷ ನಾಟ್ಯ ಕಲಿಸಿದನು. ಭೀಮಸೇನನು ಅಡುಗೆಮನೆಯಲ್ಲಿ ಇದ್ದನು. ಅದಕ್ಕೆ ಮೊದಲು, ವನವಾಸದ ಕಾಲದಲ್ಲಿ, ಅರ್ಜುನನು ತಪಸ್ಸನ್ನಾಚರಿಸಿ ದಿವ್ಯಾಸ್ತ್ರಗಳನ್ನು ಪಡೆದಿದ್ದನು. ಹದಿನೆಂಟು ದಿನಗಳ ಯುದ್ಧದ ಹಿಂದೆ ಹದಿಮೂರು ವರ್ಷಗಳ ತಾಳ್ಮೆಯೂ ಸಿದ್ಧತೆಯೂ ಇದ್ದವು.

ದೂರದ ಗುರಿಯನ್ನು ಹೊಂದಿದವನು ಹೇಗೆ ನಡೆಯಬೇಕೆಂಬುದಕ್ಕೆ ನಮ್ಮ ನೆರೆಯ ಇತಿಹಾಸದಲ್ಲಿಯೂ ಒಂದು ನಿದರ್ಶನವುಂಟು. ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ವಣಿ ಮತ್ತು ರಾಧನಪುರದ ತಾಮ್ರಶಾಸನಗಳು ಮಯೂರಖಂಡಿಯಿಂದ ಹೊರಟವು. ಆ ಮಯೂರಖಂಡಿಯೇ ಬಸವಕಲ್ಯಾಣದ ಸಮೀಪದ ಮೋರಖಂಡಿಯೆಂದು ಕೆಲವು ವಿದ್ವಾಂಸರ ಮತ. ಅದು ನಾಸಿಕದ ಕಡೆಯ ಗಿರಿದುರ್ಗವೆನ್ನುವವರೂ ಉಂಟು. ಸ್ಥಳದ ವಿಚಾರ ಹೇಗೇ ಇರಲಿ, ಆ ಅರಸನ ನಡೆ ಮನನಯೋಗ್ಯವಾದುದು.

ಕ್ರಿ.ಶ. 793ರ ಸುಮಾರಿಗೆ ಗೋವಿಂದನು ಪಟ್ಟವೇರಿದಾಗ ಅವನ ಅಣ್ಣನಾದ ಸ್ತಂಭನು ಹನ್ನೆರಡು ಅರಸರನ್ನು ಕೂಡಿಕೊಂಡು ತಿರುಗಿಬಿದ್ದನು. ಗೋವಿಂದನು ಅವನನ್ನು ಗೆದ್ದನು. ಗೆದ್ದ ಮೇಲೆ ಕ್ಷಮಿಸಿ, ಗಂಗವಾಡಿಯ ಆಡಳಿತವನ್ನು ಮರಳಿ ಅವನಿಗೇ ಒಪ್ಪಿಸಿದನು. ತಮ್ಮನಾದ ಇಂದ್ರನನ್ನು ಗುಜರಾತದ ಲಾಟದೇಶದಲ್ಲಿ ನಿಲ್ಲಿಸಿದನು. ಹೀಗೆ ಮನೆಯೊಳಗಿನ ಬೆಂಕಿ ಆರಿದ ಬಳಿಕವೇ ಅವನು ಉತ್ತರದ ದಂಡಯಾತ್ರೆಗೆ ಹೊರಟನು. ಪ್ರತೀಹಾರ ನಾಗಭಟನು ಸೋತನು. ಗೌಡದ ಧರ್ಮಪಾಲನೂ ಕನೌಜಿನ ಚಕ್ರಾಯುಧನೂ ತಾವಾಗಿಯೇ ಬಂದು ಶರಣಾದರು. ಅವನ ಕುದುರೆಗಳು ಹಿಮಾಲಯದ ತೊರೆಗಳ ನೀರನ್ನು ಕುಡಿದವೆಂದು 871ರ ಸಂಜಾನ ಶಾಸನವು ವರ್ಣಿಸುತ್ತದೆ. ಆದರೂ ಗೋವಿಂದನು ಅಲ್ಲಿ ನೆಲೆ ನಿಲ್ಲಲಿಲ್ಲ. ಹಿಂದಿರುಗಿ ಬರುತ್ತ ಶ್ರೀಭವನದಲ್ಲಿ ಮಳೆಗಾಲವನ್ನು ಕಳೆದನು. ಕಾಪಾಡಲಾಗದಷ್ಟು ದೂರದ ನೆಲಕ್ಕೆ ಅವನು ಆಸೆಪಡಲಿಲ್ಲವೆಂದು ನಮಗೆ ತೋರುತ್ತದೆ.

ಅವನ ದೂರದೃಷ್ಟಿಯ ನಿಜವಾದ ಫಲ ಕಾಣಿಸಿದ್ದು ಅವನ ಮರಣಾನಂತರ. 814ರಲ್ಲಿ ಗೋವಿಂದನು ತೀರಿಕೊಂಡಾಗ ಮಗನಾದ ಅಮೋಘವರ್ಷನು ಇನ್ನೂ ಬಾಲಕ. ಸಾಮಂತರು ದಂಗೆಯೆದ್ದರು; ಸಿಂಹಾಸನವೇ ಕೈತಪ್ಪಿತು. ಆಗ ಬಾಲಕನ ಬೆಂಬಲಕ್ಕೆ ಬಂದವನು ಲಾಟದ ಇಂದ್ರನ ಮಗನಾದ ಕರ್ಕ. ಅವನು 821ರ ವೇಳೆಗೆ ಅಮೋಘವರ್ಷನನ್ನು ಮತ್ತೆ ಸಿಂಹಾಸನದಲ್ಲಿ ಕೂರಿಸಿದನು. ಆ ಅರಸನು ಮಾನ್ಯಖೇಟದಲ್ಲಿ ಅರುವತ್ತು ವರ್ಷಗಳಿಗೂ ಮಿಕ್ಕಿ ಆಳಿದನು. ಕನ್ನಡದ ಉಪಲಬ್ಧ ಪ್ರಥಮ ಗ್ರಂಥವಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಹಿಮಾಲಯದವರೆಗಿನ ಗೆಲುವು ಶಾಸನದ ಶ್ಲೋಕಗಳಲ್ಲಿ ಉಳಿಯಿತು. ತಮ್ಮನ ಮೇಲೆ ಇಟ್ಟ ವಿಶ್ವಾಸವು ರಾಜ್ಯವನ್ನೇ ಉಳಿಸಿತು.

ನಾವು ಅರಸರಲ್ಲ, ಆದರೆ ಮಕ್ಕಳ ವಿದ್ಯೆ, ಮನೆತನದ ಬಾಳು, ದೇವಕಾರ್ಯ ಇವೆಲ್ಲವೂ ದೂರದ ಗುರಿಗಳೇ. ಹೊರಡುವ ಮುನ್ನ ಮನೆಯ ವೈರವನ್ನು ತೀರಿಸಿಕೊಳ್ಳಬೇಕು; ಶಕ್ತಿಗೆ ಮೀರಿದುದನ್ನು ಬಿಟ್ಟು ಹಿಂದಿರುಗಲು ನಾಚಬಾರದು; ನಮ್ಮ ತರುವಾಯ ಇದನ್ನು ಕಾಯುವವರಾರು ಎಂದು ಇಂದೇ ಯೋಚಿಸಬೇಕು.

ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳನ್ನು ನಾವು ಕಂಡಿದ್ದೇವೆ. ಕೋರ್ಟಿನಲ್ಲಿ ಗೆದ್ದವನಿಗೆ ಬದು ದಕ್ಕಿತು. ಮಗಳ ಮದುವೆಯ ದಿನ ಹೆಗಲು ಕೊಡುವ ತಮ್ಮನು ದಕ್ಕಲಿಲ್ಲ. ಅಂತಹವನ ಮಕ್ಕಳಿಗೆ ನಾಳೆ ಕಷ್ಟ ಬಂದರೆ ಯಾವ ಕರ್ಕನು ಬಂದಾನು?

ಆದ್ದರಿಂದ ವಾಚಕರಲ್ಲಿ ನಮ್ಮದೊಂದು ವಿನಂತಿ. ಈ ಸಲದ ವಿಜಯದಶಮಿಯಂದು ದೇವರಿಗೆ ಬನ್ನಿಯನ್ನು ಅರ್ಪಿಸಿದ ತರುವಾಯ, ಮೊದಲ ಬಂಗಾರವನ್ನು ಮಾತು ನಿಂತುಹೋದ ಮನೆಗೆ ಒಯ್ಯೋಣ. ನಮ್ಮ ಸೀಮೋಲ್ಲಂಘನವು ಆ ಹೊಸ್ತಿಲಿನಿಂದಲೇ ಆರಂಭವಾಗಲಿ.